ಬಾಲದ ಮೋಟಾರು ಸವೆದರೆ ಹೆಲಿಕಾಪ್ಟರು ತಿಪ್ಪೆಗೇಕೆ?

ಮುಂಗಾರಿಗೆ ಮೊದಲು ತಿಪ್ಪೆಯ ಗೊಬ್ಬರವನ್ನು ಹೊಲಕ್ಕೆ ಹೊಡೆಯುವ ರೂಢಿ ನಮ್ಮ ತೆಲಿಗಿಯ ಕಡೆ ಇನ್ನೂ ಉಳಿದಿದೆ. ಮೆಕ್ಕೆಜೋಳಕ್ಕೆ ಎಷ್ಟೇ ಯೂರಿಯಾ ಸುರಿದರೂ ಆಗೀಗ ಕೊಟ್ಟಿಗೆ ಗೊಬ್ಬರ ಬೀಳದಿದ್ದರೆ ಎರೆಯಾಗಲಿ ಮಸಾರಿಯಾಗಲಿ ಮಾತು ಕೇಳುವುದಿಲ್ಲ. ಕಳೆದ ಬೇಸಿಗೆಯಲ್ಲಿ ಹೀಗೆ ಟ್ರೇಲರಿಗೆ ಗೊಬ್ಬರ ತುಂಬುತ್ತಿದ್ದಾಗ ಸಲಿಕೆಯ ಬಾಯಿಗೆ ಕೆಂಪು ಬಣ್ಣದ ವಸ್ತುವೊಂದು ತಗುಲಿತು. ಎತ್ತಿ ಕೊಡವಿ ನೋಡಿದರೆ ಆಟಿಕೆಯ ಹೆಲಿಕಾಪ್ಟರು. ರೆಕ್ಕೆಗಳಿದ್ದವು, ಬಾಲವಿತ್ತು, ಬಾಲದ ತುದಿಯಲ್ಲಿ ಹುಣಿಸೆ ಬೀಜದಷ್ಟು ದೊಡ್ಡದಾದ ಒಂದು ಮೋಟಾರೂ ಇತ್ತು.

ಅದು ನನ್ನ ತಂಗಿಯ ಮಗನದು. ಎರಡು ತಿಂಗಳ ಹಿಂದೆ ಕೊಟ್ಟೂರಿನ ತೇರಿಗೆ ಹೋದಾಗ ಹಟ ಹಿಡಿದು ಕೊಡಿಸಿಕೊಂಡದ್ದು. ತೇರಿನ ಅಂಗಡಿಯವನು ಏಳುನೂರು ರೂಪಾಯಿ ಹೇಳಿ ಐದುನೂರೈವತ್ತಕ್ಕೆ ಇಳಿದಿದ್ದ. ಹುಡುಗ ಅದನ್ನು ಹತ್ತು ಹನ್ನೆರಡು ದಿನ ಹಾರಿಸಿರಬೇಕು. ಆಮೇಲೆ ಅದು ಮೇಲೇಳುತ್ತಿದ್ದಂತೆಯೇ ಗಿರಗಿರನೆ ತನ್ನ ಸುತ್ತಲೇ ಸುತ್ತತೊಡಗಿತಂತೆ. "ಮಾಮ, ಅದು ಕೆಟ್ಟಿತ್ತು, ಅದಕ್ಕ ಒಗದೆ" ಎಂದು ಯಾವ ಅಳುಕೂ ಇಲ್ಲದೆ ಹೇಳಿದ. ಅವನನ್ನು ಗದರಿಸುವ ಮನಸ್ಸಾಗಲಿಲ್ಲ. ಕೆಟ್ಟದ್ದನ್ನು ಒಗೆಯಬೇಕು ಎಂಬುದನ್ನು ಅವನು ನಮ್ಮಿಂದಲೇ ಕಲಿತಿದ್ದಾನೆ. ಅವನ ಅಜ್ಜನ ಕಾಲದಲ್ಲಿ ತಿಪ್ಪೆಗೆ ಬೀಳುತ್ತಿದ್ದುದೆಲ್ಲ ಮಣ್ಣಾಗುತ್ತಿತ್ತು, ಆದ್ದರಿಂದ ಒಗೆಯುವುದಕ್ಕೆ ಯಾರೂ ಹೆದರಬೇಕಾಗಿರಲಿಲ್ಲ. ಈಗ ತಿಪ್ಪೆಗೆ ಬಿದ್ದದ್ದು ಗೊಬ್ಬರದೊಡನೆ ಹೊಲಕ್ಕೆ ಹೋಗುತ್ತದೆ, ಮತ್ತು ಅಲ್ಲಿಯೇ ಉಳಿಯುತ್ತದೆ.

ಒಂದು ಆಟಿಕೆಯ ವಿಷಯವನ್ನು ಈ ಪತ್ರಿಕೆಯಲ್ಲಿ ಬರೆಯುವುದೇ ಎಂದು ಕೆಲವರಿಗೆ ಅನಿಸೀತು. ಕಾಡು, ಹೊಳೆ, ಗುಡ್ಡಗಳ ಚರ್ಚೆ ನಡೆಯುವ ಪುಟಗಳಿವು. ಆದರೆ ಆ ಸಂಜೆ ನಾನು ಹೆಲಿಕಾಪ್ಟರನ್ನು ಒರೆಸಿ, ಒಣಗಿಸಿ, ತಿರುಪು ಬಿಚ್ಚಿ ನೋಡಿದಾಗ ತಿಳಿದ ಸಂಗತಿ ನನ್ನನ್ನು ಕಾಡುತ್ತಿದೆ. ಅದರಲ್ಲಿ ಕೆಟ್ಟಿದ್ದದ್ದು ಬಾಲದ ಆ ಪುಟ್ಟ ಮೋಟಾರು ಒಂದೇ. ಮುಖ್ಯ ಮೋಟಾರು ಇಷ್ಟು ದಿನ ತಿಪ್ಪೆಯಲ್ಲಿದ್ದೂ ಗಡಿಯಾರದ ಸೆಲ್ ಮುಟ್ಟಿಸಿದೊಡನೆ ತಿರುಗಿತು. ಹಲ್ಲುಚಕ್ರ, ರೆಕ್ಕೆ, ವಿದ್ಯುನ್ಮಾನದ ಹಲಗೆ, ರಿಮೋಟು ಎಲ್ಲವೂ ಸರಿಯಿದ್ದವು. ಒಂದು ಗ್ರಾಂ ತೂಕದ ಆಸುಪಾಸಿನ ಒಂದು ಭಾಗ ಸವೆಯಿತೆಂದು ಉಳಿದದ್ದೆಲ್ಲ ಕಸವಾಯಿತು. ಸವೆದೇ ಸವೆಯುವ ಭಾಗವೊಂದನ್ನು ಇಟ್ಟು ಅದರ ಬದಲಿಯನ್ನು ಮಾತ್ರ ಯಾವ ಅಂಗಡಿಯಲ್ಲಿಯೂ ಸಿಗದಂತೆ ಮಾಡುವುದು ತಯಾರಕರ ತಪ್ಪು. ಬದಲಾಯಿಸಬಹುದೆಂಬುದನ್ನೇ ಮರೆತು ಕುಳಿತಿರುವುದು ನಮ್ಮ ತಪ್ಪು. ನನ್ನ ಅಭಿಪ್ರಾಯ ಇಷ್ಟೇ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಹೆಲಿಕಾಪ್ಟರಿಗೆ ಬಾಲ ಏಕೆ ಬೇಕು ಎಂಬುದರಿಂದ ಆರಂಭಿಸೋಣ. ಮೇಲಿನ ದೊಡ್ಡ ರೆಕ್ಕೆಯನ್ನು ಮೋಟಾರು ಒಂದು ದಿಕ್ಕಿಗೆ ತಿರುಗಿಸಿದರೆ, ನ್ಯೂಟನ್ನನ ಮೂರನೆಯ ನಿಯಮದಂತೆ, ಮೋಟಾರನ್ನು ಹೊತ್ತಿರುವ ಮೈ ಎದುರು ದಿಕ್ಕಿಗೆ ತಿರುಗಲು ಹೊರಡುತ್ತದೆ. ನೆಲದ ಮೇಲಿದ್ದಾಗ ನೆಲ ಅದನ್ನು ಹಿಡಿದುಕೊಳ್ಳುತ್ತದೆ. ಗಾಳಿಯಲ್ಲಿ ಹಿಡಿಯುವವರಿಲ್ಲ. ಬಾಲದ ತುದಿಯಲ್ಲಿ ಅಡ್ಡಲಾಗಿ ನಿಂತ ಚಿಕ್ಕ ರೆಕ್ಕೆ ಪಕ್ಕಕ್ಕೆ ಗಾಳಿ ತಳ್ಳಿ ಆ ತಿರುಗುವಿಕೆಯನ್ನು ತಡೆಯುತ್ತದೆ. ಮೇಲೊಂದು ದೊಡ್ಡ ರೆಕ್ಕೆ, ಬಾಲದಲ್ಲೊಂದು ಚಿಕ್ಕ ರೆಕ್ಕೆ ಎಂಬ ಈ ಏರ್ಪಾಡನ್ನು ರೂಢಿಗೆ ತಂದವನು ಇಗೋರ್ ಸಿಕೋರ್ಸ್ಕಿ. ಅವನ ವಿಎಸ್-300 ಯಂತ್ರ 1939ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಹಗ್ಗ ಕಟ್ಟಿಸಿಕೊಂಡೇ ಮೊದಲ ಬಾರಿ ನೆಲ ಬಿಟ್ಟಿತು. ಆಕಾಶದಲ್ಲಿ ನಾವು ಇಂದು ಕಾಣುವ ಹೆಚ್ಚಿನ ಹೆಲಿಕಾಪ್ಟರುಗಳು ಅದೇ ಏರ್ಪಾಡಿನವು.

ಆಟಿಕೆಗಳಲ್ಲಿ ಎರಡು ಬಗೆಯಿವೆ. ಮೇಲೆ ಎರಡು ಜೊತೆ ರೆಕ್ಕೆಗಳು ಒಂದರ ಮೇಲೊಂದು ಎದುರು ಬದುರಾಗಿ ತಿರುಗುವಂಥವು ಮೊದಲನೆಯವು. ಇವುಗಳಲ್ಲಿ ಒಂದರ ಬಲವನ್ನು ಇನ್ನೊಂದು ಕಳೆಯುವುದರಿಂದ ಬಾಲಕ್ಕೆ ಆ ಕೆಲಸವಿಲ್ಲ; ಅದರ ಪುಟ್ಟ ರೆಕ್ಕೆ ಆಕಾಶಕ್ಕೆ ಮುಖ ಮಾಡಿ ಕುಳಿತು, ಬಾಲವನ್ನು ತುಸು ಎತ್ತಿ ಇಳಿಸಿ ಮುಂದಕ್ಕೂ ಹಿಂದಕ್ಕೂ ಒಯ್ಯುತ್ತದೆ. ಇದರ ಮೋಟಾರು ಕೆಟ್ಟರೆ ಹೆಲಿಕಾಪ್ಟರು ಏಳುತ್ತದೆ, ತಿರುಗುತ್ತದೆ, ಮುಂದೆ ಮಾತ್ರ ಹೋಗುವುದಿಲ್ಲ. ಎರಡನೆಯ ಬಗೆಯದು ನಿಜವಾದ ಹೆಲಿಕಾಪ್ಟರಿನಂತೆ ಒಂದೇ ದೊಡ್ಡ ರೆಕ್ಕೆಯದು. ತಿಪ್ಪೆಯಲ್ಲಿ ಸಿಕ್ಕದ್ದು ಈ ಬಗೆಯದು. ಇಲ್ಲಿ ಬಾಲದ ಮೋಟಾರಿಗೆ ಬಿಡುವೆಂಬುದೇ ಇಲ್ಲ. ಹಾರುತ್ತಿರುವಷ್ಟು ಹೊತ್ತೂ ಅದು ತಿರುಗಬೇಕು. ಮೇಲಿನ ರೆಕ್ಕೆ ಜೋರಾದಂತೆಲ್ಲ ತಾನೂ ಜೋರಾಗಬೇಕು. ಗಾತ್ರದಲ್ಲಿ ಎಲ್ಲಕ್ಕಿಂತ ಚಿಕ್ಕದು, ದುಡಿಮೆಯಲ್ಲಿ ಯಾರಿಗೂ ಕಡಿಮೆಯಿಲ್ಲ. ನಮ್ಮ ಮನೆಗಳಲ್ಲಿಯೂ ಇಂಥವರು ಇರುತ್ತಾರೆ.

ಮೋಟಾರಿನ ಒಳಗೆ ಸವೆಯುವುದೇನು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ನಡುವೆ ಕದಲದ ಒಂದು ಅಯಸ್ಕಾಂತ. ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಬುಟ್ಟಿಯಂತೆ ಹೆಣೆದು ಅಂಟಿಸಿದ ಸುರುಳಿ. ಸುರುಳಿಯ ಒಳಗೆ ಕಬ್ಬಿಣದ ತಿರುಳಿಲ್ಲ, ಆದ್ದರಿಂದಲೇ ಅದು ಅಷ್ಟು ಹಗುರ. ತಿರುಗುವ ಸುರುಳಿಗೆ ವಿದ್ಯುತ್ತು ತಲುಪಬೇಕಾದರೆ ಒಡಕು ಉಂಗುರದ ಮೇಲೆ ಎರಡು ತೆಳು ಲೋಹದ ಎಸಳುಗಳು ಸದಾ ಉಜ್ಜುತ್ತಿರಬೇಕು. ಇವನ್ನೇ ಬ್ರಷ್ ಎನ್ನುತ್ತಾರೆ. ಪ್ರತಿ ಸುತ್ತಿಗೂ ಅಲ್ಲೊಂದು ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿ ಹಾರುತ್ತದೆ, ಲೋಹದ ಒಂದು ಕಣ ಕಳಚುತ್ತದೆ. ಕಳಚಿದ ಕಣಗಳು ಉಂಗುರದ ಒಡಕಿನಲ್ಲಿ ತುಂಬಿಕೊಂಡು ವಿದ್ಯುತ್ತನ್ನು ಅಡ್ಡದಾರಿಗೆ ಎಳೆಯುತ್ತವೆ. ಮೋಟಾರು ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಬ್ರಷ್ ಬೇಗ ಸವೆಯುತ್ತದೆ. ಇಂಥ ಮೋಟಾರಿನ ಆಯುಷ್ಯವನ್ನು ಗಂಟೆಗಳಲ್ಲಿ ಎಣಿಸಬೇಕೇ ಹೊರತು ವರ್ಷಗಳಲ್ಲಿ ಅಲ್ಲ. ಇದು ತಯಾರಿಸಿದವರಿಗೆ ಚೆನ್ನಾಗಿ ಗೊತ್ತಿರುವ ವಿಷಯ.

ಸವೆತದ ಲಕ್ಷಣಗಳು ಒಮ್ಮೆಲೇ ಕಾಣಿಸಿಕೊಳ್ಳುವುದಿಲ್ಲ. ಚಾರ್ಜ್ ಮಾಡಿದ ಹೊಸದರಲ್ಲಿ ಒಂದು ನಿಮಿಷ ನೆಟ್ಟಗೆ ಹಾರುತ್ತದೆ, ಬಿಸಿಯೇರಿದ ಮೇಲೆ ಮೂತಿ ಒಂದೇ ಕಡೆಗೆ ಸರಿಯತೊಡಗುತ್ತದೆ. ಹುಡುಗರು ರಿಮೋಟಿನ ಟ್ರಿಮ್ ಗುಂಡಿಯನ್ನು ಒತ್ತಿ ಸರಿಪಡಿಸುತ್ತಾರೆ. ಅಂದರೆ ದಣಿದ ಎತ್ತಿಗೆ ಇನ್ನೊಂದು ಬಾರುಕೋಲಿನ ಏಟು. ಕೆಲವು ದಿನಗಳಲ್ಲಿ ಟ್ರಿಮ್ ತನ್ನ ಕೊನೆಯನ್ನು ಮುಟ್ಟುತ್ತದೆ, ಹೆಲಿಕಾಪ್ಟರು ಬುಗುರಿಯಾಗುತ್ತದೆ. ಆದರೆ ಬುಗುರಿಯಾದದ್ದೆಲ್ಲ ಮೋಟಾರಿನ ತಪ್ಪೆಂದು ತಿಳಿಯಬಾರದು. ಬಾಲದ ಕಡ್ಡಿಗೆ ತಲೆಗೂದಲು ಸುತ್ತಿಕೊಂಡಿರಬಹುದು. ಪುಟ್ಟ ರೆಕ್ಕೆ ಸೀಳಿರಬಹುದು ಅಥವಾ ಕಡ್ಡಿಯ ಮೇಲೆ ಜಾರುತ್ತಿರಬಹುದು. ಬಾಲದ ಕೊಳವೆಯೊಳಗಿನ ತಂತಿ ಬಿದ್ದ ಏಟಿಗೆ ತುಂಡಾಗಿರಬಹುದು. ಇವನ್ನೆಲ್ಲ ನೋಡಿ, ಆಮೇಲೆ ಮೋಟಾರಿನ ತಂತಿಗಳನ್ನು ಬಿಡಿಸಿ ಒಂದೂವರೆ ವೋಲ್ಟಿನ ಸೆಲ್ಲಿಗೆ ಮುಟ್ಟಿಸಬೇಕು. ತಾನಾಗಿ ತಿರುಗದೆ, ಬೆರಳಿನಿಂದ ತಟ್ಟಿದರೆ ಮಾತ್ರ ತಿರುಗಿದರೆ, ನಿಲ್ಲಿಸಿದಾಗಲೊಮ್ಮೆ ಹೀಗೆಯೇ ತಟ್ಟಿಸಿಕೊಳ್ಳಲು ಕಾಯ್ದರೆ, ಬ್ರಷ್ ಸವೆದಿದೆ ಎಂದೇ ಅರ್ಥ. ನಮ್ಮದು ಹಾಗೆಯೇ ಕಾಯುತ್ತಿತ್ತು.

ಮೋಟಾರು ಕೆಟ್ಟರೆ ನಮ್ಮೂರವರು ಹೋಗುವುದು ವೈಂಡಿಂಗ್ ಅಂಗಡಿಗೆ. ಕೊಳವೆಬಾವಿಯನ್ನು ನಂಬಿದ ಸೀಮೆಯಿದು. ವೋಲ್ಟೇಜು ಏರಿಳಿದು ಮೋಟಾರು ಸುಟ್ಟರೆ ಪೈಪುಗಳನ್ನು ಒಂದೊಂದಾಗಿ ಎತ್ತಿ, ಗಾಡಿಯಲ್ಲಿ ಹಾಕಿಕೊಂಡು ಬಂದು, ವೈಂಡಿಂಗ್ ಮಾಡಿಸಿ, ಎರಡು ದಿನದಲ್ಲಿ ಮತ್ತೆ ಇಳಿಸುತ್ತಾರೆ. ಒಂದೇ ಮೋಟಾರನ್ನು ಐದಾರು ಬಾರಿ ಸುತ್ತಿಸಿದವರು ನನಗೆ ಗೊತ್ತು. ಸುಟ್ಟ ಮೋಟಾರನ್ನು ತಿಪ್ಪೆಗೆ ಒಗೆದ ರೈತನನ್ನು ನಾನು ಕಂಡಿಲ್ಲ. ಹಾಗಾಗಿ ನಾನೂ ಹುಡುಗನನ್ನು ಕರೆದುಕೊಂಡು ಅಲ್ಲಿಗೇ ಹೋದೆ. ವೈಂಡಿಂಗ್ ಮಾಡುವಾತ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದ. "ಸರ, ಇದರಾಗ ನಾ ಸುತ್ತಾಕ ಏನೈತಿ? ಬಿಚ್ಚಾಕ ಒಂದು ನಟ್ಟಿಲ್ಲ, ಬೋಲ್ಟಿಲ್ಲ" ಎಂದ. ಬೆನ್ನಿನ ಪ್ಲಾಸ್ಟಿಕ್ ಮುಚ್ಚಳವನ್ನು ತಗಡಿನ ಅಂಚು ಮಡಿಸಿ ಬಿಗಿದಿದ್ದರು. ಮಡಿಕೆ ಬಿಡಿಸಿದರೆ ಮತ್ತೆ ಕೂಡಿಸುವಂತಿಲ್ಲ. ಕಾಯಿಲ್ ಕಟ್ಟುವುದರಲ್ಲಿ ಮೂವತ್ತು ವರ್ಷ ಕಳೆದ ಕೈಗೆ ಅದು ಎಲ್ಲಿಯೂ ಎಡೆಗೊಡಲಿಲ್ಲ.

ಆತ ಸೋತೆನೆಂದು ಹಿಂದಿರುಗಿಸಲಿಲ್ಲ ಎಂಬುದನ್ನು ಹೇಳಲೇಬೇಕು. ಅಳತೆ ಪಟ್ಟಿ ಹಿಡಿದು ಮೋಟಾರಿನ ವ್ಯಾಸ 6 ಮಿಲಿಮೀಟರು, ಉದ್ದ 12, ಕಡ್ಡಿಯ ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ ಎಂದು ಸಿಗರೇಟು ಪ್ಯಾಕಿನ ಹಿಂಬದಿಯ ಮೇಲೆ ಬರೆದುಕೊಟ್ಟ. ತಂತಿಗಳ ಬಣ್ಣವನ್ನೂ ಬರೆಸಿದ. "ಈ ಅಳತೀದು ತರ್ಸ್ರಿ, ಬೆಸುಗೆ ನಾ ಹಾಕ್ತೀನಿ" ಎಂದ. ಅಳತೆ ಸರಿಯಾಗಿದ್ದರೆ ಯಾವ ಕಂಪನಿಯದಾದರೂ ನಡೆಯುತ್ತದೆ ಎಂಬ ಈ ಮಾತು ನಮ್ಮ ಪಂಪುಸೆಟ್ಟಿನ ಲೋಕದ್ದು. ಆಟಿಕೆಯ ಪೆಟ್ಟಿಗೆಯ ಮೇಲೆ ಬಣ್ಣ ಬಣ್ಣದ ಚಿತ್ರಗಳಿದ್ದವು. ಮೋಟಾರಿನ ಅಳತೆ ಇರಲಿಲ್ಲ, ತಯಾರಕರ ವಿಳಾಸವೂ ಇರಲಿಲ್ಲ.

ದಾವಣಗೆರೆಯಲ್ಲಿ ನಾಲ್ಕು ಅಂಗಡಿ ಸುತ್ತಿದರೂ ಆ ಮೋಟಾರು ಸಿಗಲಿಲ್ಲ. ಒಬ್ಬಿಬ್ಬರು ನಕ್ಕರು, ಒಬ್ಬರು ಹೊಸ ಹೆಲಿಕಾಪ್ಟರನ್ನೇ ತೋರಿಸಿದರು. ಕೊನೆಗೆ ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎಸ್.ಪಿ. ರಸ್ತೆಯಿಂದ ತಂದುಕೊಟ್ಟ. ಬೆಲೆ ಒಂದು ಊಟದಷ್ಟೂ ಇರಲಿಲ್ಲ. ಬ್ಯಾಟರಿಯನ್ನೂ ತರಿಸಬೇಕಾಯಿತು, ಏಕೆಂದರೆ ತಿಪ್ಪೆಯ ಬಿಸಿಗೆ ಹಳೆಯದು ಉಬ್ಬಿಹೋಗಿತ್ತು. ಮೊದಲ ವಾರವೇ ಮೋಟಾರು ಬದಲಾಯಿಸಿದ್ದರೆ ಬ್ಯಾಟರಿ ಉಳಿಯುತ್ತಿತ್ತು.

ಕೆಲಸ ನಡೆದದ್ದು ವೈಂಡಿಂಗ್ ಅಂಗಡಿಯ ಕಟ್ಟೆಯ ಮೇಲೆ. ಬಾಲದ ಕೊಳವೆ ಉದ್ದವಾದ ಪೊಳ್ಳು ಕಡ್ಡಿ. ತಂತಿ ಅದರೊಳಗಿಂದ ಹಾಯಬೇಕು. ಹಳೆಯ ತಂತಿಯನ್ನು ಎಳೆದು ಬಿಸಾಡಿದರೆ ಹೊಸದನ್ನು ತೂರಿಸುವುದು ಕಷ್ಟ. ಲಂಗಕ್ಕೆ ಲಾಡಿ ಹಾಕುವಾಗ ಹಳೆಯ ಲಾಡಿಯ ತುದಿಗೆ ಹೊಸದನ್ನು ಗಂಟುಹಾಕಿ ಎಳೆಯುವುದನ್ನು ನನ್ನ ತಂಗಿ ನೆನಪಿಸಿದಳು. ಹಾಗೆಯೇ ಮಾಡಿದೆವು, ಒಂದೇ ಎಳೆತಕ್ಕೆ ಬಂತು. ತಂತಿಯ ಮೇಲೆ ಅರಗಿನ ಲೇಪವಿದ್ದರೆ ತುದಿಯನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದ ನಂತರವೇ ಬೆಸುಗೆ ಹಿಡಿಯುತ್ತದೆ. ಬಿಸಿ ಕಡ್ಡಿಯನ್ನು ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಒತ್ತಿದರೆ ಮೋಟಾರಿನ ಬೆನ್ನಿನ ಪ್ಲಾಸ್ಟಿಕ್ಕು ಕರಗಿ ಬ್ರಷ್ ಜಾಗ ಬಿಡುತ್ತದೆ, ಹೊಸ ಮೋಟಾರು ಹಾರುವ ಮೊದಲೇ ಸಾಯುತ್ತದೆ. ಪುಟ್ಟ ರೆಕ್ಕೆಯನ್ನು ಕಡ್ಡಿಗೆ ಒತ್ತುವಾಗ ಕಡ್ಡಿಯ ಹಿಂತುದಿಗೆ ಗಟ್ಟಿಯಾದ ಆಸರೆ ಕೊಡಬೇಕು. ಇಲ್ಲದಿದ್ದರೆ ಒತ್ತಡವೆಲ್ಲ ಮುಚ್ಚಳದ ಮೇಲೆ ಬೀಳುತ್ತದೆ. ಸೀಸವಿರುವ ಬೆಸುಗೆಯ ಕೆಲಸವನ್ನು ಬಯಲಿನಲ್ಲಿ ಮಾಡುವುದು, ಆಮೇಲೆ ಕೈ ತೊಳೆಯುವುದು, ಇವನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡಬೇಕು.

ಎಲ್ಲ ಮುಗಿಸಿ ಹಾರಿಸಿದರೆ ಹೆಲಿಕಾಪ್ಟರು ಮೊದಲಿಗಿಂತ ಎರಡು ಪಟ್ಟು ಜೋರಾಗಿ ಸುತ್ತಿ ನೆಲಕ್ಕೆ ಬಡಿಯಿತು. ನಾನು ಎರಡು ತಂತಿಗಳನ್ನು ಅದಲುಬದಲು ಕೂಡಿಸಲು ಹೇಳಿದ್ದೆ. ಮೋಟಾರು ಉಲ್ಟಾ ತಿರುಗಿ, ತಡೆಯಬೇಕಾದ್ದನ್ನು ತಡೆಯದೆ ತಾನೂ ತಳ್ಳಿತ್ತು. ಹೊಸ ಮೋಟಾರಿನ ತಂತಿಯ ಬಣ್ಣ ಹಳೆಯದರಂತೆ ಇರಲಿಲ್ಲ. ಗಾಳಿ ಯಾವ ಕಡೆಗೆ ಬರುತ್ತಿದೆ ಎಂದು ಒಂದು ಕಾಗದದ ಚೂರನ್ನು ಹಿಡಿದು ನೋಡಿಯೇ ಬೆಸುಗೆ ಹಾಕಿಸಬೇಕಿತ್ತು. ಕಟ್ಟೆಯ ಮೇಲೆ ಕುಳಿತವರಿಗೆಲ್ಲ ನಗು. ಮೇಷ್ಟರು ತಪ್ಪಿದರೆ ಊರಿಗೆ ಹಬ್ಬ. ಹತ್ತು ನಿಮಿಷದಲ್ಲಿ ಸರಿಪಡಿಸಿ ಎತ್ತಿದಾಗ ಅದು ಬೇವಿನ ಮರದ ಎತ್ತರಕ್ಕೆ ಹೋಗಿ, ಮೂತಿ ಅಲುಗದಂತೆ ನಿಂತಿತು. ಹುಡುಗ ಏನೂ ಮಾತಾಡಲಿಲ್ಲ. ಒಮ್ಮೆ ಹಾರಿಸಿದ ಮೇಲೆ ಐದು ನಿಮಿಷ ಆರಲು ಬಿಡಬೇಕು ಎಂದು ಹೇಳಿದ್ದಕ್ಕೆ, ಯಾರೂ ಕೇಳದಿದ್ದರೂ, ತಾನೇ ಗಡಿಯಾರ ನೋಡುತ್ತ ಕುಳಿತ.

ಇಷ್ಟು ಶ್ರಮ ಆರುನೂರು ರೂಪಾಯಿಯೂ ಬಾಳದ ಆಟಿಕೆಗೆ ಬೇಕೆ? ಲೆಕ್ಕ ಹಾಕುವವರು ಕೇಳುವ ಪ್ರಶ್ನೆಯಿದು. ನಮ್ಮ ಓಡಾಟ, ದಿನ, ಬಸ್ಸಿನ ಚಾರ್ಜು ಎಲ್ಲ ಸೇರಿಸಿದರೆ ಹೊಸದೇ ಅಗ್ಗ. ಆದರೆ ಆ ಲೆಕ್ಕದಲ್ಲಿ ಗುಡ್ಡದ ಬೆಲೆ ಸೇರುವುದಿಲ್ಲ. ಮೋಟಾರಿನೊಳಗಿನ ತಾಮ್ರ ಯಾವುದೋ ಗುಡ್ಡದಿಂದ ಬಂದದ್ದು. ನಮ್ಮ ನೆರೆಯ ಚಿತ್ರದುರ್ಗದ ಇಂಗಳದಾಳಿನಲ್ಲಿಯೂ ತಾಮ್ರದ ಅದಿರು ತೆಗೆಯುತ್ತಿದ್ದರು. ಆ ಗಣಿ ಮುಚ್ಚಿದೆ. ಅಯಸ್ಕಾಂತ ನಿಯೋಡೈಮಿಯಮ್ ಎಂಬ ವಿರಳ ಧಾತು, ಕಬ್ಬಿಣ ಮತ್ತು ಬೋರಾನ್ ಕೂಡಿ ಆದದ್ದು. ಜಗತ್ತಿನ ವಿರಳ ಧಾತುಗಳ ದೊಡ್ಡ ಪಾಲು ಚೀನದ ಒಳ ಮಂಗೋಲಿಯದ ಬಯಾನ್ ಓಬೋ ಗಣಿಯಿಂದ ಬರುತ್ತದೆ. ಅದರ ಅದಿರನ್ನು ಸಂಸ್ಕರಿಸುವ ಬಾವೋಟೌ ನಗರದ ಹೊರಗೆ ಗಣಿಯ ರಾಡಿ ತುಂಬಿದ ಒಂದು ಕೆರೆಯೇ ನಿಂತಿದೆ. ಬ್ಯಾಟರಿಗೆ ಲಿಥಿಯಮ್ ಬೇಕು. ಮಂಡ್ಯ ಜಿಲ್ಲೆಯ ಮರಳಗಾಲದ ಸುತ್ತ 1,600 ಟನ್ ಲಿಥಿಯಮ್ ಇರಬಹುದೆಂದು ಪರಮಾಣು ಖನಿಜ ನಿರ್ದೇಶನಾಲಯ ಅಂದಾಜು ಮಾಡಿದ ಮೇಲೆ ಆ ಕಡೆಯ ಹೊಲಗಳ ಹೆಸರೂ ಪತ್ರಿಕೆಗಳಲ್ಲಿ ಬರತೊಡಗಿತು. ಸಂಡೂರಿನ ಗುಡ್ಡಗಳನ್ನು ಕಂಡ ನಮಗೆ, 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿಯುವವರೆಗೆ ಲಾರಿಗಳ ಕೆಂಧೂಳು ಬೆಳೆಯ ಮೇಲೆ ಕೂತದ್ದನ್ನು ಬಲ್ಲ ನಮಗೆ, ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಂದು ಗ್ರಾಂ ಮೋಟಾರಿನಿಂದ ಯಾವ ಗುಡ್ಡವೂ ಕರಗುವುದಿಲ್ಲ, ನಿಜ. ಆದರೆ ಜಗತ್ತು 2022ರ ಒಂದೇ ವರ್ಷದಲ್ಲಿ ಎಸೆದ ವಿದ್ಯುನ್ಮಾನ ಕಸ 6.2 ಕೋಟಿ ಟನ್ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಯ ದಾರಿ ಹಿಡಿದದ್ದು ಶೇ. 22.3 ಮಾತ್ರ.

ನಮ್ಮ ಚಳವಳಿಯ ಗೆಳೆಯರಿಂದ ಇನ್ನೊಂದು ಆಕ್ಷೇಪ ಬರುತ್ತದೆ, ಮತ್ತು ಅದು ಮೊದಲನೆಯದಕ್ಕಿಂತ ಗಂಭೀರವಾದದ್ದು. ಇಂಥ ಆಟಿಕೆಯನ್ನೇ ಕೊಳ್ಳಬಾರದು. ಬುಗುರಿ, ಚನ್ನಪಟ್ಟಣದ ಗೊಂಬೆ, ಹುಣಿಸೆ ಬೀಜದ ಚೌಕಾಬಾರ ಸಾಲದೆ ಎಂದು ಅವರು ಕೇಳುತ್ತಾರೆ. ಕೊಳ್ಳುಬಾಕತನದ ವಿರುದ್ಧ ನಾನೂ ಮಾತಾಡಿದವನೇ. ಆದರೂ ಹಾರುವ ವಸ್ತುವನ್ನು ಕಂಡು ಹುಡುಗನ ಕಣ್ಣು ಅರಳುವುದನ್ನು ಅಪರಾಧವೆನ್ನಲು ನನಗಾಗದು. ಆ ಕುತೂಹಲಕ್ಕೆ ನಾವು ಬೇಡ ಎಂದರೆ ಅದು ಸಾಯುವುದಿಲ್ಲ, ಇನ್ನೊಂದು ತೇರಿನ ಅಂಗಡಿಗೆ ಹೋಗುತ್ತದೆ. ಬಿಚ್ಚಿ ನೋಡಲು ಬಿಟ್ಟರೆ ಅದೇ ಕುತೂಹಲ ಕಲಿಕೆಯಾಗುತ್ತದೆ. ಈ ಮಾತಿನಲ್ಲಿ ಗೆಳೆಯರೊಡನೆ ನನ್ನ ಭಿನ್ನಾಭಿಪ್ರಾಯ ಹಾಗೆಯೇ ಉಳಿದಿದೆ.

ನಿಜವಾದ ಹೆಲಿಕಾಪ್ಟರಿನ ಕತೆ ಹೇಗಿದೆ ನೋಡಿ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಚೇತಕ್ ತಯಾರಾಗತೊಡಗಿದ್ದು 1960ರ ದಶಕದಲ್ಲಿ. ಅಲ್ಲಿಯೇ ರೂಪುಗೊಂಡ ಧ್ರುವ್ ಮೊದಲು ಹಾರಿದ್ದು 1992ರ ಆಗಸ್ಟಿನಲ್ಲಿ. 2023ರ ಫೆಬ್ರವರಿಯಲ್ಲಿ ತುಮಕೂರಿನ ಗುಬ್ಬಿ ತಾಲ್ಲೂಕಿನಲ್ಲಿ ಹೆಲಿಕಾಪ್ಟರಿನದೇ ಒಂದು ದೊಡ್ಡ ಕಾರ್ಖಾನೆ ತೆರೆಯಿತು. ಈ ಯಂತ್ರಗಳ ಬಾಲದಲ್ಲಿ ಬೇರೆ ಮೋಟಾರಿಲ್ಲ; ಮುಖ್ಯ ಎಂಜಿನ್ನಿನಿಂದ ಉದ್ದನೆಯ ದಂಡವೊಂದು ಬಾಲದವರೆಗೆ ಹೋಗಿ, ಹಲ್ಲುಚಕ್ರದ ಪೆಟ್ಟಿಗೆಯ ಮೂಲಕ ರೆಕ್ಕೆಯನ್ನು ತಿರುಗಿಸುತ್ತದೆ. ಅಲ್ಲಿಯೂ ಭಾಗಗಳು ಸವೆಯುತ್ತವೆ. ಆದರೆ ಯಾವ ಭಾಗ ಎಷ್ಟು ಗಂಟೆ ದುಡಿದಿದೆ ಎಂಬುದು ಪುಸ್ತಕದಲ್ಲಿ ದಾಖಲಾಗುತ್ತದೆ, ಗಂಟೆ ತುಂಬಿದೊಡನೆ, ಕೆಡುವ ಮೊದಲೇ, ಅದನ್ನು ಬಿಚ್ಚಿ ಪರೀಕ್ಷಿಸುತ್ತಾರೆ ಇಲ್ಲವೆ ಬದಲಾಯಿಸುತ್ತಾರೆ. ಹೀಗಾಗಿ ಚೇತಕ್‌ಗಳು ದಶಕಗಟ್ಟಲೆ ಹಾರಿದವು. ಬಾಲದ ದಂಡ ಸವೆಯಿತೆಂದು ಯಾರೂ ಹೆಲಿಕಾಪ್ಟರನ್ನು ಎಸೆಯಲಿಲ್ಲ. ಸೈನ್ಯಕ್ಕೆ ಸಲ್ಲುವ ವಿವೇಕ ಮಗುವಿಗೆ ಏಕೆ ಸಲ್ಲಬಾರದು?

ಕಾನೂನು ಏನೂ ಇಲ್ಲವೆಂದಲ್ಲ. 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ವಿದ್ಯುತ್ ಆಟಿಕೆಗಳೂ ಸೇರಿವೆ. ತಯಾರಕರು ಕಸದ ಹೊಣೆ ಹೊರಬೇಕೆಂದು ಅವು ಹೇಳುತ್ತವೆ. ಬ್ಯಾಟರಿಗೆ 2022ರ ಪ್ರತ್ಯೇಕ ನಿಯಮವಿದೆ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ, ಆದರೆ ಆ ಗುರುತು ಹೇಳುವುದು ಮಗುವಿನ ಸುರಕ್ಷತೆಯ ಮಾತನ್ನು. ಬಿಡಿಭಾಗ ಸಿಗುತ್ತದೆಯೇ ಎಂಬುದನ್ನಲ್ಲ. ದುರಸ್ತಿಯ ಹಕ್ಕಿನ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ರಚಿಸಿ, ಕೃಷಿ ಯಂತ್ರ, ಮೊಬೈಲು, ಗೃಹೋಪಯೋಗಿ ಉಪಕರಣ, ವಾಹನಗಳನ್ನು ಮೊದಲ ಕ್ಷೇತ್ರಗಳಾಗಿ ಆರಿಸಿತು. ಆಟಿಕೆ ಅದರಲ್ಲಿಲ್ಲ. ಇನ್ನು ತೇರಿನಲ್ಲಿ ಟಾರ್ಪಾಲು ಹಾಸಿ ಮಾರುವವನನ್ನು ಯಾವ ನಿಯಮ ಹುಡುಕಿಕೊಂಡು ಬರಬೇಕು? ನಮ್ಮ ತಾಲ್ಲೂಕೇ 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರಕ್ಕೆ ಸೇರಿದೆ. ಅರ್ಜಿಯನ್ನು ಯಾವ ಊರಿಗೆ ಹಿಡಿದುಕೊಂಡು ಹೋಗಬೇಕೆಂದು ಕಲಿಯುವಷ್ಟರಲ್ಲಿ ಕಚೇರಿ ಬದಲಾಗಿರುತ್ತದೆ.

ಇದು ಆಟಿಕೆಗಷ್ಟೇ ನಿಲ್ಲುವುದಿಲ್ಲ ಎಂಬ ಕಾರಣಕ್ಕೆ ನಾನು ಇಷ್ಟು ಬರೆಯುತ್ತಿದ್ದೇನೆ. 2023ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆಯಂತೆ ದೇಶದ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಔಷಧಿ, ಗೊಬ್ಬರ ಸಿಂಪಡಿಸುವ ಡ್ರೋನುಗಳನ್ನು ಕೊಡಬೇಕಾಗಿದೆ. ಸಹಾಯಧನ ಶೇ. 80ರವರೆಗೆ, ಗರಿಷ್ಠ 8 ಲಕ್ಷ ರೂಪಾಯಿ. ಉಳಿದದ್ದು ಸಾಲ. ಅವುಗಳಲ್ಲಿ ಬ್ರಷ್ ಇಲ್ಲದ ದೊಡ್ಡ ಮೋಟಾರುಗಳಿರುತ್ತವೆ, ಆದ್ದರಿಂದ ಇಷ್ಟು ಬೇಗ ಸವೆಯುವುದಿಲ್ಲ. ಆದರೆ ಬೇರಿಂಗು ಸವೆಯುತ್ತದೆ, ಧೂಳು ಸೇರುತ್ತದೆ, ಬಿದ್ದರೆ ತೋಳು ಮುರಿಯುತ್ತದೆ. ಜೋಳಕ್ಕೆ ಸೈನಿಕ ಹುಳು ಬಿದ್ದ ವಾರದಲ್ಲಿ ಒಂದು ಮೋಟಾರು ನಿಂತರೆ ಸಂಘದ ಹೆಣ್ಣುಮಕ್ಕಳು ಯಾರ ಬಾಗಿಲಿಗೆ ಹೋಗಬೇಕು? ಬಿಡಿಭಾಗ ದೂರದ ನಗರದಿಂದ ಬರುವಷ್ಟರಲ್ಲಿ ಹುಳು ಸುಳಿ ತಿಂದು ಮುಗಿಸಿರುತ್ತದೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಡ್ರೋನಿನಿಂದ ವಿಷ ಸಿಂಪಡಿಸುವುದು ಒಳ್ಳೆಯದೇ ಎಂಬ ಚರ್ಚೆ ಬೇರೆಯೇ ಇದೆ, ಅದನ್ನು ಇನ್ನೊಮ್ಮೆ ಮಾಡೋಣ. ಯಂತ್ರ ಬರುವುದಾದರೆ ಅದನ್ನು ಬಿಚ್ಚಬಲ್ಲ ಕೈ ಊರಿನಲ್ಲಿಯೇ ಇರಬೇಕು. ಆ ಕೈ ಈಗ ನಮ್ಮ ಶಾಲೆಯಲ್ಲಿ ಕುಳಿತಿದೆ.

ಆದ್ದರಿಂದ ಪತ್ರಿಕೆಯ ಓದುಗರ ಮುಂದೆ ಎರಡು ಬೇಡಿಕೆಗಳಿವೆ. ತೇರು, ಜಾತ್ರೆ, ಸಂತೆಗಳಲ್ಲಿ ಆಟಿಕೆ ಕೊಳ್ಳುವಾಗ ಪೆಟ್ಟಿಗೆಯನ್ನು ತಿರುಗಿಸಿ ನೋಡಿ: ತಿರುಪುಗಳಿವೆಯೇ, ಬ್ಯಾಟರಿ ಹೊರತೆಗೆಯಬಹುದೇ, ಬಾಲದ ಮೋಟಾರು ಬೇರೆಯಾಗಿ ಸಿಗುತ್ತದೆಯೇ ಎಂದು ಕೇಳಿ. ಮಾರುವವನಿಗೆ ಗೊತ್ತಿರುವುದಿಲ್ಲ, ಹತ್ತು ಜನ ಕೇಳಿದರೆ ಮುಂದಿನ ವರ್ಷ ಅವನೂ ಸಗಟು ವ್ಯಾಪಾರಿಯನ್ನು ಕೇಳುತ್ತಾನೆ. ಎರಡನೆಯದು ಗುಡ್ಡದ ಊರುಗಳ ಗೆಳೆಯರಿಗೆ. ನಮ್ಮಲ್ಲಿ ಎಸೆದದ್ದು ತಿಪ್ಪೆಯಿಂದ ಹೊಲಕ್ಕೆ ಹೋದರೆ ನಿಮ್ಮಲ್ಲಿ ಹಳ್ಳಕ್ಕೆ ಬಿದ್ದು ಮೊದಲ ಮಳೆಗೆ ಹೊಳೆ ಸೇರುತ್ತದೆ. ಉಬ್ಬಿದ ಬ್ಯಾಟರಿಯನ್ನು ಒಲೆಗೆ, ಕಸದ ಬೆಂಕಿಗೆ ಹಾಕಲೇಬೇಡಿ. ಅದು ಸಿಡಿಯುತ್ತದೆ, ಫ್ಲೋರಿನ್ ಕೂಡಿದ ವಿಷಗಾಳಿ ಬಿಡುತ್ತದೆ, ಬೇಸಿಗೆಯ ಒಣಹುಲ್ಲಿನಲ್ಲಿ ಒಂದು ಕಿಡಿ ಏನು ಮಾಡುತ್ತದೆಂಬುದು ನಿಮಗೇ ಗೊತ್ತು. ಒಣ ಮರಳು ತುಂಬಿದ ಡಬ್ಬಿಯಲ್ಲಿ ಇಟ್ಟು, ತಾಲ್ಲೂಕಿಗೆ ಹೋಗುವವರ ಕೈಯಲ್ಲಿ ಸಂಗ್ರಹ ಕೇಂದ್ರಕ್ಕೆ ಕಳುಹಿಸಿ.

ವೈಂಡಿಂಗ್ ಅಂಗಡಿಯ ಗೋಡೆಯ ಮೊಳೆಯಲ್ಲಿ ಈಗ ಪಂಪಿನ ವಾಷರುಗಳ ಪಕ್ಕ ಒಂದು ಚಿಕ್ಕ ಪ್ಲಾಸ್ಟಿಕ್ ಚೀಲ ತೂಗುತ್ತಿದೆ. ಅದರಲ್ಲಿ 6 ಮಿಲಿಮೀಟರಿನ ನಾಲ್ಕು ಮೋಟಾರುಗಳಿದ್ದವು. ಕಳೆದ ವಾರ ನೋಡಿದಾಗ ಎರಡು ಉಳಿದಿದ್ದವು.